ಗರ್ಭಕೋಶ ತೆಗೆಸಿದ ಮೇಲೆ ಬರುವ ರಿಪೋರ್ಟು

ವಾಮದಪದವಿನವರಿಗೆ ಆಸ್ಪತ್ರೆಗೆ ಹೋಗುವುದಕ್ಕೆ ಒಂದೇ ದಾರಿ ಎಂದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಇರುವ ಊರು ಅದು. ಊರಿನಲ್ಲೇ ಸಮುದಾಯ ಆರೋಗ್ಯ ಕೇಂದ್ರ ಇದೆ. ಅಲ್ಲಿ ಆಗದ ಕೆಲಸಕ್ಕೆ ಒಂದು ಮನೆಯವರು ಬಂಟ್ವಾಳದತ್ತ ಹೊರಟರೆ ಪಕ್ಕದ ಮನೆಯವರು ಮೂಡುಬಿದಿರೆಗೆ ಹೋಗುತ್ತಾರೆ. ದೊಡ್ಡ ಆಪರೇಷನ್ ಎಂದರೆ ಮಂಗಳೂರು. ಹೀಗಾಗಿ ಒಬ್ಬರೇ ಹೆಂಗಸಿನ ಗರ್ಭಕೋಶದ ಆಪರೇಷನ್ ಒಂದು ಊರಿನಲ್ಲಿ, ಹತ್ತು ವರ್ಷದ ನಂತರದ ಪ್ಯಾಪ್ ಟೆಸ್ಟ್ ಇನ್ನೊಂದು ಊರಿನಲ್ಲಿ, ಆ ರಿಪೋರ್ಟ್ ಓದುವ ವೈದ್ಯರು ಮೂರನೆಯ ಊರಿನಲ್ಲಿ ಇರುವುದು ಇಂಥ ಕಡೆ ತೀರಾ ಸಹಜ.

ಆ ರಿಪೋರ್ಟಿನಲ್ಲಿ ‘ಅಬ್‌ನಾರ್ಮಲ್’ ಎಂದು ಬಂದರೆ ಮನೆಯಲ್ಲಿ ಎರಡು ಬಗೆಯ ಮಾತು ಏಳುತ್ತದೆ. ‘ಗರ್ಭಕೋಶವೇ ಇಲ್ಲ, ಇನ್ನು ಅಲ್ಲಿ ಎಂಥ ಬರ್ಲಿಕ್ಕುಂಟು?’ ಎಂದು ಕಾಗದ ಮಡಚಿ ಇಡುವವರು ಕೆಲವರು. ಕ್ಯಾನ್ಸರೇ ಬಂತು ಎಂದು ಊಟ ನಿದ್ದೆ ಬಿಡುವವರು ಇನ್ನು ಕೆಲವರು. ಎರಡೂ ಸರಿಯಲ್ಲ. ಹೊಸ ರಿಪೋರ್ಟಿನ ಅರ್ಥ ಹೇಳಬೇಕಾದರೆ ಎರಡು ಹಳೆಯ ಕಾಗದಗಳನ್ನು ನೋಡಲೇಬೇಕು. ಒಂದು, ಆಪರೇಷನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಇನ್ನೊಂದು, ತೆಗೆದ ಗರ್ಭಕೋಶವನ್ನು ಪ್ರಯೋಗಾಲಯದಲ್ಲಿ ನೋಡಿ ಬರೆದ ಬಯಾಪ್ಸಿ ರಿಪೋರ್ಟ್. ಈ ಎರಡನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿ ಮಹಿಳೆಯ ಕೈಗೇ ಕೊಡುವುದು ಪ್ರತಿ ಆಸ್ಪತ್ರೆಯ ಕರ್ತವ್ಯವಾಗಬೇಕು. ಇವತ್ತು ಅದು ಹಲವು ಕಡೆ ಆಗುತ್ತಿಲ್ಲ.

‘ಗರ್ಭಕೋಶ ತೆಗೆಸಿದ್ದೇನೆ’ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ಆಪರೇಷನ್ನುಗಳಿವೆ. ಗರ್ಭಕೋಶವನ್ನು ಅದರ ಕೊರಳಿನ ಸಮೇತ ತೆಗೆಯುವುದು ಪೂರ್ಣ ಶಸ್ತ್ರಚಿಕಿತ್ಸೆ. ಗರ್ಭಕೋಶ ಜಾರಿದವರಿಗೆ ಕೆಳಗಿನಿಂದ ಮಾಡುವ ಆಪರೇಷನ್ನಿನಲ್ಲೂ ಕೊರಳು ಸಾಮಾನ್ಯವಾಗಿ ಹೋಗಿರುತ್ತದೆ. ಆದರೆ ಮೇಲ್ಭಾಗವನ್ನಷ್ಟೇ ತೆಗೆದು ಕೊರಳನ್ನು ಉಳಿಸುವ ವಿಧಾನವೂ ಉಂಟು. ಹಿಂದಿನ ಸಿಸೇರಿಯನ್ನುಗಳಿಂದ ಒಳಗೆ ಎಲ್ಲವೂ ಅಂಟಿಕೊಂಡಿದ್ದಾಗ ಹೀಗೆ ಮಾಡುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ರಕ್ತ ನಿಲ್ಲದೆ, ಪ್ರಾಣ ಉಳಿಸಲು ತುರ್ತಾಗಿ ಗರ್ಭಕೋಶ ತೆಗೆಯಬೇಕಾದಾಗಲೂ ಎಷ್ಟೋ ಸಲ ಕೊರಳು ಹಾಗೇ ಉಳಿಯುತ್ತದೆ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಹೀಗೆ ಆಪರೇಷನ್ ಆದವರು, ಕೊರಳು ಉಳಿದಿರುವ ಸಂಗತಿಯೇ ತಿಳಿಯದೆ, ಮುಂದಿನ ಎಲ್ಲ ತಪಾಸಣಾ ಶಿಬಿರಗಳಲ್ಲಿ ‘ನನಗೆ ಬೇಡ, ಗರ್ಭಕೋಶ ಇಲ್ಲ’ ಎಂದು ಹಿಂದೆ ಸರಿಯುವ ಅಪಾಯವಿದೆ. ಗರ್ಭಕೊರಳ ಕ್ಯಾನ್ಸರ್ ಹುಟ್ಟುವುದು ಆ ಕೊರಳಿನಲ್ಲೇ. ಅದು ಉಳಿದಿದ್ದರೆ ಉಳಿದೆಲ್ಲ ಮಹಿಳೆಯರಂತೆ ಅವರಿಗೂ ತಪಾಸಣೆ ಬೇಕು.

ತಪಾಸಣೆ ಯಾಕೆ ಇಷ್ಟು ಮುಖ್ಯ ಎಂಬುದಕ್ಕೆ ಅಂಕಿಗಳೇ ಸಾಕು. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಳ್ಳುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಇದರ ಮೂಲ. 1983ರಲ್ಲಿ ಈ ವೈರಸ್ಸಿನ 16ನೇ ತಳಿಯನ್ನು, ಮರುವರ್ಷ 18ನೇ ತಳಿಯನ್ನು ಗುರುತಿಸಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿದ ಮೇಲೆ ಕ್ಯಾನ್ಸರ್ ಆಗಲು ಹತ್ತು, ಹದಿನೈದು ವರ್ಷ ಹಿಡಿಯುತ್ತದೆ. ಆ ದೀರ್ಘ ನಡುಗಾಲದಲ್ಲಿ ಕೋಶಗಳ ಬದಲಾವಣೆಯನ್ನು ಕಂಡುಹಿಡಿದರೆ ಕ್ಯಾನ್ಸರನ್ನೇ ತಡೆಯಬಹುದು. ಮಹಾರಾಷ್ಟ್ರದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಮಹಿಳೆಯರನ್ನು ಸೇರಿಸಿಕೊಂಡು ನಡೆದ ಅಧ್ಯಯನ ಇದನ್ನು ನಮ್ಮ ನೆಲದಲ್ಲೇ ತೋರಿಸಿದೆ. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡವರ ಗುಂಪಿನಲ್ಲಿ ಗರ್ಭಕೊರಳ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು.

ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ಶೇ 1.9 ಮಾತ್ರ. ಕರ್ನಾಟಕದಲ್ಲಿ ಅದು ಶೇ 1ನ್ನೂ ಮುಟ್ಟಿರಲಿಲ್ಲ.

ಕೊರಳು ಪೂರ್ತಿ ಹೋಗಿದ್ದರೆ ಲೆಕ್ಕ ಬದಲಾಗುತ್ತದೆ. ಫೈಬ್ರಾಯ್ಡ್ ಗಡ್ಡೆ, ಅತಿ ರಕ್ತಸ್ರಾವ, ಗರ್ಭಕೋಶ ಜಾರುವುದು ಇಂಥ ಕಾರಣಕ್ಕೆ ಕೊರಳಿನ ಸಮೇತ ತೆಗೆಸಿದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರಾಗಲಿ ಕ್ಯಾನ್ಸರ್‌ಪೂರ್ವ ಬದಲಾವಣೆಯಾಗಲಿ ಇಲ್ಲದಿದ್ದು, ಹಿಂದೆಯೂ ಅಂಥದ್ದೇನೂ ಕಂಡುಬಾರದಿದ್ದರೆ ಆ ಮಹಿಳೆಗೆ ಪ್ಯಾಪ್ ಟೆಸ್ಟ್ ಬೇಕಿಲ್ಲ. ಅಮೆರಿಕದ ತಡೆ ಚಿಕಿತ್ಸಾ ಕಾರ್ಯಪಡೆ 2018ರಲ್ಲಿ ಇಂಥವರಿಗೆ ಪರೀಕ್ಷೆ ಮಾಡಬೇಡಿ ಎಂದೇ ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ಆಧಾರವಿದೆ. ಕ್ಯಾನ್ಸರ್ ಅಲ್ಲದ ಕಾರಣಕ್ಕೆ ಗರ್ಭಕೋಶ ತೆಗೆಸಿದವರ 9,610 ಸ್ಮಿಯರ್‌ಗಳನ್ನು, ಅಂದರೆ ಪ್ಯಾಪ್ ಟೆಸ್ಟಿಗೆ ಸವರಿ ತೆಗೆದ ಕೋಶಗಳ ಮಾದರಿಗಳನ್ನು, ಪರಿಶೀಲಿಸಿದ ಅಧ್ಯಯನವೊಂದು 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅವುಗಳಲ್ಲಿ ಅಸಹಜ ಎಂದು ಬಂದದ್ದು ಶೇ 1ರಷ್ಟು. ಅಂಥ ರಿಪೋರ್ಟ್ ಬಂದ ಮಹಿಳೆಯರಲ್ಲಿ ಒಬ್ಬರಲ್ಲೂ ಯೋನಿಯ ಕ್ಯಾನ್ಸರ್ ಸಿಗಲಿಲ್ಲ. ಆದರೂ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. 2004ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ ಅಮೆರಿಕದಲ್ಲಿ ಗರ್ಭಕೊರಳೇ ಇಲ್ಲದ ಸುಮಾರು ಒಂದು ಕೋಟಿ ಮಹಿಳೆಯರು ಗರ್ಭಕೊರಳ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಳ್ಳುತ್ತಿದ್ದರು. ನಮ್ಮಲ್ಲೂ ಮಹಿಳೆಯರ ‘ಮಾಸ್ಟರ್ ಹೆಲ್ತ್ ಚೆಕಪ್’ ಪ್ಯಾಕೇಜುಗಳಲ್ಲಿ ಪ್ಯಾಪ್ ಟೆಸ್ಟ್ ಸೇರಿಕೊಂಡಿರುತ್ತದೆ. ಆಪರೇಷನ್ ಆಗಿದೆಯೇ, ಯಾಕೆ ಆಯಿತು ಎಂದು ಕೇಳದೆ ಮಾಡಿದ ಪರೀಕ್ಷೆಗೆ ದುಡ್ಡೂ ದಂಡ, ಮೇಲೆ ತಿಂಗಳುಗಟ್ಟಲೆ ಹೆದರಿಕೆ.

ಆದರೆ ಇನ್ನೊಂದು ಗುಂಪಿದೆ. ಗರ್ಭಕೊರಳಿನಲ್ಲಿ ತೀವ್ರ ಮಟ್ಟದ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡ ಕಾರಣಕ್ಕೇ ಗರ್ಭಕೋಶ ತೆಗೆಸಿದವರು, ಅಥವಾ ಬೇರೆ ಕಾರಣಕ್ಕೆ ತೆಗೆದ ಮೇಲೆ ಬಯಾಪ್ಸಿಯಲ್ಲಿ ಅದು ಕಂಡವರು. ರಿಪೋರ್ಟಿನಲ್ಲಿ ಸಿಐಎನ್ 2, ಸಿಐಎನ್ 3 ಎಂದಿರುವುದು ಇದನ್ನೇ. ಇವರಲ್ಲಿ ವೈರಸ್ ಕೊರಳಿಗಷ್ಟೇ ಸೀಮಿತವಾಗಿರಬೇಕೆಂದಿಲ್ಲ, ಯೋನಿಯ ಒಳಪದರದಲ್ಲೂ ಉಳಿದಿರಬಹುದು. ಆಪರೇಷನ್ ಆದಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ವೈದ್ಯರು ಅದನ್ನು ‘ವಾಲ್ಟ್’ ಎನ್ನುತ್ತಾರೆ. ಬದಲಾವಣೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲೇ. ಅದಕ್ಕಾಗಿ ಅಮೆರಿಕದ 2019ರ ಮಾರ್ಗಸೂಚಿ ಇಂಥವರಿಗೆ ಮೊದಲ ಮೂರು ವರ್ಷ ವರ್ಷಕ್ಕೊಮ್ಮೆ, ಆಮೇಲೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತ ಒಟ್ಟು 25 ವರ್ಷ ನಿಗಾ ಇಡಬೇಕು ಎನ್ನುತ್ತದೆ. ಬೇರೆ ದೇಶಗಳ ಪದ್ಧತಿಯಲ್ಲಿ ಅವಧಿ ಇದಕ್ಕಿಂತ ಚಿಕ್ಕದಿರಬಹುದು, ಆದರೆ ನಿಗಾ ಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಎಚ್‌ಐವಿ ಸೋಂಕು ಇರುವವರು, ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಕೂಡ ತಮ್ಮ ವೈದ್ಯರನ್ನು ಕೇಳದೆ ಪರೀಕ್ಷೆ ನಿಲ್ಲಿಸಬಾರದು. ಕ್ಯಾನ್ಸರಿಗಾಗಿಯೇ ಆಪರೇಷನ್ ಆದವರ ದಾರಿ ಬೇರೆ. ಅವರ ರಿಪೋರ್ಟನ್ನು ಕ್ಯಾನ್ಸರ್ ತಜ್ಞರೇ ನೋಡಬೇಕು. ರೇಡಿಯೇಷನ್ ಆಗಿದ್ದರಂತೂ ಕೋಶಗಳ ರೂಪವೇ ಬದಲಾಗಿರುವುದರಿಂದ ಸ್ಮಿಯರ್ ಓದುವುದು ಕಷ್ಟ. ಹಿಂದಿನ ಚಿಕಿತ್ಸೆಯ ವಿವರ ಪ್ರಯೋಗಾಲಯಕ್ಕೆ ತಿಳಿದಿರಲೇಬೇಕು.

ಇನ್ನು ಅಸಹಜ ಎಂದು ಬಂದ ರಿಪೋರ್ಟಿನ ವಿಚಾರ. ಈ ಪರೀಕ್ಷೆ ರೋಗವನ್ನು ಖಚಿತಪಡಿಸುವುದಿಲ್ಲ, ಯಾರನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದು ತೋರಿಸುತ್ತದೆ. ಎಎಸ್‌ಸಿ-ಯುಎಸ್ ಎಂದು ಬರೆದಿದ್ದರೆ ಕೋಶಗಳಲ್ಲಿ ಸಣ್ಣ ವ್ಯತ್ಯಾಸವಿದೆ, ಅದಕ್ಕೆ ಕಾರಣ ಏನೆಂದು ಹೇಳಲಾಗದು ಎಂದರ್ಥ. ಮುಟ್ಟು ನಿಂತವರಲ್ಲಿ, ಅಂಡಾಶಯವನ್ನೂ ತೆಗೆಸಿದವರಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಆ ಕೋಶಗಳು ಸೂಕ್ಷ್ಮದರ್ಶಕದಡಿ ಅಸಹಜವಾಗಿ ಕಾಣುವುದು ಬಹಳ ಸಾಮಾನ್ಯ. ಸೋಂಕಿನಿಂದಲೂ ಹೀಗಾಗುತ್ತದೆ. ಹೊಲಿಗೆಯ ಜಾಗದಲ್ಲಿ ಬೆಳೆಯುವ ಕೆಂಪು ಮಾಂಸದಂಥ ಅಂಗಾಂಶವೂ ಗೊಂದಲ ಹುಟ್ಟಿಸುತ್ತದೆ. ಇಂಥ ಕಡೆ ವೈದ್ಯರು ಸೋಂಕಿಗೆ ಮದ್ದು ಕೊಟ್ಟು, ಅಥವಾ ಕೆಲವು ವಾರ ಈಸ್ಟ್ರೋಜನ್ ಕ್ರೀಮ್ ಹಚ್ಚಲು ಹೇಳಿ, ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಆ ಕ್ರೀಮ್ ಹಚ್ಚುವ ಮೊದಲು ಅದನ್ನು ವೈದ್ಯರಿಗೆ ತಿಳಿಸಬೇಕು.

ಎಲ್‌ಎಸ್‌ಐಎಲ್ ಎಂದರೆ ಕಡಿಮೆ ಮಟ್ಟದ ಬದಲಾವಣೆ. ಎಚ್‌ಎಸ್‌ಐಎಲ್ ಎಂದರೆ ಹೆಚ್ಚಿನ ಮಟ್ಟದ್ದು, ಅದನ್ನು ಮುಂದೂಡುವಂತಿಲ್ಲ. ಮುಂದಿನ ಹೆಜ್ಜೆ ಕಾಲ್ಪೊಸ್ಕೊಪಿ. ಕೊರಳು ಇಲ್ಲದಿದ್ದರೂ ಯೋನಿಯ ಗೋಡೆಗಳನ್ನು, ಮುಖ್ಯವಾಗಿ ಮೇಲ್ತುದಿಯ ಎರಡು ಮೂಲೆಗಳನ್ನು, ಹಿಗ್ಗಿಸಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ. ಮೊದಲು ಅಸಿಟಿಕ್ ಆಮ್ಲ, ಆಮೇಲೆ ಅಯೋಡಿನ್ ದ್ರಾವಣ ಸವರಿದಾಗ ಬದಲಾದ ಜಾಗ ಬೇರೆ ಬಣ್ಣಕ್ಕೆ ತಿರುಗುತ್ತದೆ. ಅನುಮಾನ ಬಂದ ಕಡೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದರಲ್ಲಿ ‘ವೇನ್ 1’, ಅಂದರೆ ಯೋನಿಯ ಒಳಪದರದ ಕಡಿಮೆ ಮಟ್ಟದ ಬದಲಾವಣೆ, ಎಂದು ಬಂದರೆ ಸಾಮಾನ್ಯವಾಗಿ ನಿಗಾ ಇಟ್ಟರೆ ಸಾಕು, ಎಷ್ಟೋ ಮಂದಿಯಲ್ಲಿ ಅದು ತಾನಾಗಿಯೇ ಹೋಗುತ್ತದೆ. ‘ವೇನ್ 2’, ‘ವೇನ್ 3’ ಆದರೆ ಲೇಸರ್, ಹಚ್ಚುವ ಔಷಧ, ಇಲ್ಲವೇ ಆ ಭಾಗವನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಯೋನಿಯ ಕ್ಯಾನ್ಸರ್ ಅಪರೂಪದ್ದು, ಸ್ತ್ರೀ ಜನನಾಂಗದ ಕ್ಯಾನ್ಸರುಗಳಲ್ಲಿ ಅದರ ಪಾಲು ಶೇ 1ರಿಂದ 2. ಕಾಲ್ಪೊಸ್ಕೊಪಿಗೆ ವಾಮದಪದವಿನ ಕಡೆಯವರು ದೂರದ ಬೆಂಗಳೂರಿಗೆ ಹೋಗಬೇಕಿಲ್ಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲೇ ಅದು ಆಗುತ್ತದೆ.

ಊರಿನ ತಪಾಸಣಾ ಶಿಬಿರಗಳ ಬಗ್ಗೆಯೂ ಒಂದು ಮಾತು. 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡುವ ‘ವಿಐಎ’ ಪರೀಕ್ಷೆ ಮಾಡಬೇಕು. ಕೊರಳೇ ಇಲ್ಲದವರಲ್ಲಿ ಈ ಪರೀಕ್ಷೆಗೆ ನೋಡುವ ಜಾಗವೇ ಇರುವುದಿಲ್ಲ. ಅವರನ್ನು ಬರಿದೆ ‘ಹೋಗಿ’ ಎನ್ನದೆ, ಆಪರೇಷನ್ ಯಾಕಾಯಿತು ಎಂದು ಕೇಳುವುದು ಶಿಬಿರದವರ ಕೆಲಸ.

ಎಚ್‌ಪಿವಿ ಪಾಸಿಟಿವ್ ಎಂದು ಬಂದಾಗ ಮನೆಯೊಳಗೆ ಏಳುವ ಸಂಶಯ ರೋಗಕ್ಕಿಂತ ಹೆಚ್ಚು ನೋವು ಕೊಡುವುದುಂಟು. ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಕೇಳಿದ ಕೂಡಲೇ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಅನುಮಾನಿಸುತ್ತಾರೆ. ಮದುವೆಯಾದ ಬಹುಪಾಲು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗುಲಿರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಅಡಗಿಸುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದು ಐವತ್ತು ದಾಟಿದ ಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲೂಬಹುದು. ಐವತ್ತೈದರ ವಯಸ್ಸಿನಲ್ಲಿ ಬಂದ ಪಾಸಿಟಿವ್ ರಿಪೋರ್ಟು ಯಾರ ನಡತೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಇದನ್ನು ರಿಪೋರ್ಟ್ ಕೊಡುವ ಹೊತ್ತಿನಲ್ಲೇ ದಂಪತಿಯನ್ನು ಕೂರಿಸಿ ವೈದ್ಯರು ಬಾಯಿಬಿಟ್ಟು ಹೇಳಬೇಕು.

ಮೇಲೆ ಹೇಳಿದ ‘ಪರೀಕ್ಷೆ ಬೇಡ’ ಎಂಬ ಮಾತು ಯಾವ ತೊಂದರೆಯೂ ಇಲ್ಲದವರಿಗೆ ಮಾತ್ರ. ಗರ್ಭಕೋಶ ತೆಗೆಸಿದ ಮೇಲೆ ರಕ್ತ ಕಾಣಿಸಿಕೊಂಡರೆ, ವಾಸನೆಯ ಸ್ರಾವ ಇದ್ದರೆ, ಸಂಪರ್ಕದ ನಂತರ ರಕ್ತ ಬಂದರೆ, ಕಿಬ್ಬೊಟ್ಟೆ ನೋವು ಹೋಗದಿದ್ದರೆ ಕೂಡಲೇ ತೋರಿಸಬೇಕು. ಹಳೆಯ ಪ್ಯಾಪ್ ರಿಪೋರ್ಟ್ ಸರಿ ಇತ್ತೆಂದು ಸುಮ್ಮನೆ ಕೂರುವಂತಿಲ್ಲ.

ಇಷ್ಟೆಲ್ಲ ನಿರ್ಧಾರವೂ ನಿಂತಿರುವುದು ಆ ಎರಡು ಕಾಗದಗಳ ಮೇಲೆ. ಅವು ಎಷ್ಟು ಮಹಿಳೆಯರ ಬಳಿ ಇರುತ್ತವೆ? 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 3.2ರಷ್ಟು ಮಂದಿ ಗರ್ಭಕೋಶ ತೆಗೆಸಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್ ಆದಾಗ 34 ವರ್ಷವೂ ದಾಟಿರಲಿಲ್ಲ. ಮೂರರಲ್ಲಿ ಎರಡು ಪಾಲು ಆಪರೇಷನ್ನುಗಳು ಖಾಸಗಿ ಆಸ್ಪತ್ರೆಗಳಲ್ಲಿ ಆಗಿದ್ದವು. ನಮ್ಮ ರಾಜ್ಯದಲ್ಲೇ 2015ರಲ್ಲಿ ಕಲಬುರಗಿ ಜಿಲ್ಲೆಯ ಪ್ರಕರಣ ಎಲ್ಲರನ್ನೂ ಬೆಚ್ಚಿಬೀಳಿಸಿತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ ತಾಂಡಾಗಳ ಮತ್ತು ದಲಿತ ಸಮುದಾಯದ ಬಡ ಹೆಂಗಸರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ, ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆಯಲಾಗಿತ್ತು. ಹೀಗಾದವರ ಸಂಖ್ಯೆ ಎರಡು ಸಾವಿರ ಮೀರಿತ್ತು. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ನಡೆದ ಇಂಥದ್ದೇ ಅನಾಚಾರದ ವಿರುದ್ಧ ಡಾ. ನರೇಂದ್ರ ಗುಪ್ತಾ ಹೂಡಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕು ಎಂದಿತು. ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಹಂತದಲ್ಲಿ ನಿಗಾ ಸಮಿತಿಗಳು ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ.

ಕ್ಯಾನ್ಸರ್ ಎಂದು ಹೆದರಿಸಿ ಆಪರೇಷನ್ ಮಾಡಿದವರು ಬಯಾಪ್ಸಿ ರಿಪೋರ್ಟ್ ಕೊಡದಿದ್ದರೆ ಆ ಮಹಿಳೆಗೆ ಎರಡು ಸಲ ಅನ್ಯಾಯ ಆದಂತೆ. ಮೊದಲು ಅಂಗ ಹೋಯಿತು, ಆಮೇಲೆ ಅದು ಯಾಕೆ ಹೋಯಿತು ಎಂದು ತಿಳಿಯುವ ದಾರಿಯೂ ಹೋಯಿತು. ಮುಂದೆ ಅವಳ ಸ್ಮಿಯರ್ ಅಸಹಜ ಎಂದು ಬಂದ ದಿನ ಯಾವ ವೈದ್ಯರಿಗೂ ಅವಳಿಗೆ ನೇರ ಉತ್ತರ ಕೊಡಲಾಗದು. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಆಪರೇಷನ್ನಿಗೆ ಮೊದಲು ಪ್ಯಾಪ್ ಟೆಸ್ಟ್ ಮಾಡದೆ, ರಕ್ತಸ್ರಾವ ಎಂದು ಗರ್ಭಕೋಶ ತೆಗೆದ ಮೇಲೆ ಬಯಾಪ್ಸಿಯಲ್ಲಿ ಗರ್ಭಕೊರಳ ಕ್ಯಾನ್ಸರ್ ಕಂಡುಬರುವುದು ನಮ್ಮ ದೇಶದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಹೊಸದಲ್ಲ. ಆ ರಿಪೋರ್ಟನ್ನು ಮನೆಯವರು ತರಲು ಮರೆತರೆ, ಆಸ್ಪತ್ರೆಯವರು ಕರೆದು ಹೇಳದಿದ್ದರೆ, ಗುಣಪಡಿಸುವ ಕಾಲವೇ ಕಳೆದುಹೋಗುತ್ತದೆ.

ನಿಯಮವಂತೂ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನೀತಿಯಂತೆ ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಒಳರೋಗಿಗಳ ದಾಖಲೆಯನ್ನು ವೈದ್ಯರು ಇಟ್ಟುಕೊಳ್ಳಬೇಕಾದ್ದು ಮೂರು ವರ್ಷ ಮಾತ್ರ. ಮಹಿಳೆಗೆ ಬೇಕಾದ ನಿಗಾ 25 ವರ್ಷದ್ದು, ದಾಖಲೆಯ ಆಯುಷ್ಯ ಮೂರು ವರ್ಷದ್ದು. ಈ ಅಂತರವನ್ನು ಮಹಿಳೆಯೇ ತುಂಬಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ.

ಪರಿಹಾರ ದುಬಾರಿಯದ್ದಲ್ಲ. ಗರ್ಭಕೋಶದ ಆಪರೇಷನ್ ಮಾಡುವ ಪ್ರತಿ ಆಸ್ಪತ್ರೆಯೂ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಮಹಿಳೆಗೆ ಕನ್ನಡದ ಒಂದು ಕಾರ್ಡ್ ಕೊಡಬೇಕು. ಕೊರಳು ತೆಗೆದಿದ್ದೇವೆ ಅಥವಾ ಉಳಿಸಿದ್ದೇವೆ, ಅಂಡಾಶಯ ಇದೆ ಅಥವಾ ಇಲ್ಲ, ಬಯಾಪ್ಸಿಯಲ್ಲಿ ಬಂದದ್ದು ಇದು, ಮುಂದೆ ತಪಾಸಣೆ ಬೇಕು ಅಥವಾ ಬೇಡ, ಬೇಕಾದರೆ ಯಾವ ವರ್ಷದವರೆಗೆ ಎಂದು ಅದರಲ್ಲಿ ಬರೆದಿರಬೇಕು. ಬಯಾಪ್ಸಿ ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯುವುದರಿಂದ ಹೊಲಿಗೆ ತೋರಿಸಲು ಬರುವ ದಿನವೇ ಅದನ್ನು ಭರ್ತಿ ಮಾಡಿ ಕೊಡಬಹುದು. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಆಭಾ ಖಾತೆಗೆ ಅದನ್ನೇ ಸೇರಿಸಿದರೆ ಮೂಡುಬಿದಿರೆಯಲ್ಲಿ ಆದ ಆಪರೇಷನ್ನಿನ ವಿವರ ಬೆಳ್ತಂಗಡಿಯ ವೈದ್ಯರಿಗೂ ಸಿಗುತ್ತದೆ.

ಮೂವತ್ತು ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಮುಟ್ಟು ನಿಂತ ಮೇಲಿನ ರಕ್ತಸ್ರಾವ, ವಾಸನೆಯ ಸ್ರಾವ ಇವುಗಳ ಬಗ್ಗೆ ಪ್ರಶ್ನೆಗಳಿವೆ. ಅದರ ಜತೆಗೆ ‘ಗರ್ಭಕೋಶ ತೆಗೆಸಿದ್ದೀರಾ? ಕಾಗದ ಇದೆಯೇ?’ ಎಂದೂ ಕೇಳಿ ಬರೆದುಕೊಳ್ಳುವ ವ್ಯವಸ್ಥೆ ಆಗಬೇಕು. ಮನೆಯ ಪೆಟ್ಟಿಗೆಯಲ್ಲಿ ಪಹಣಿ, ಪಡಿತರ ಚೀಟಿಗಳ ಜತೆ ಆ ಹಳೆಯ ಫೈಲು ಇನ್ನೂ ಇರುವವರು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮಕ್ಕಳ ಬಳಿಯೂ ಇರಿಸಬಹುದು. ಕಾಗದ ಕಳೆದುಹೋದವರು ಆಪರೇಷನ್ ಆದ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಕೇಳಬೇಕು. ಬಯಾಪ್ಸಿ ಮಾಡಿದ ಪ್ರಯೋಗಾಲಯದಲ್ಲಿ ಪ್ರತಿ ಉಳಿದಿರುವ ಸಾಧ್ಯತೆಯೂ ಇದೆ. ಅಲ್ಲೂ ಸಿಗದಿದ್ದರೆ ಸ್ತ್ರೀರೋಗ ತಜ್ಞರು ಒಮ್ಮೆ ಪರೀಕ್ಷಿಸಿದರೆ ಕೊರಳು ಇದೆಯೋ ಇಲ್ಲವೋ ಎಂಬುದಾದರೂ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಪರೇಷನ್ ಯಾಕಾಯಿತೆಂದು ಯಾವ ದಾಖಲೆಯಿಂದಲೂ ತಿಳಿಯದವರಿಗೆ ಮುಂದೆ ಎಷ್ಟು ಪರೀಕ್ಷೆ ಬೇಕೆಂದು ಆ ತಜ್ಞರ ಜತೆಗೇ ಕೂತು ತೀರ್ಮಾನಿಸಬೇಕು.

ಜಿಲ್ಲಾ ಮಟ್ಟದ ನಿಗಾ ಸಮಿತಿಯ ಕೆಲಸ ಎಷ್ಟು ಆಪರೇಷನ್ ಆಯಿತು ಎಂಬ ಲೆಕ್ಕಕ್ಕೆ ನಿಲ್ಲಬಾರದು. ‘ಕೊರಳು ತೆಗೆದಿದೆಯೇ’, ‘ಬಯಾಪ್ಸಿ ವರದಿ ಮಹಿಳೆಗೆ ತಲುಪಿದೆಯೇ’ ಎಂಬ ಎರಡು ಕಾಲಂಗಳನ್ನು ಆ ಪಟ್ಟಿಗೆ ಸೇರಿಸಿ, ಆಸ್ಪತ್ರೆಗಳಿಂದ ಪ್ರತಿ ತಿಂಗಳೂ ಭರ್ತಿ ಮಾಡಿಸಿಕೊಳ್ಳುವ ಅಧಿಕಾರವನ್ನು ಸರ್ಕಾರ ಸಮಿತಿಗೆ ಕೊಡಬೇಕು. ದಕ್ಷಿಣ ಕನ್ನಡದಂಥ, ವೈದ್ಯಕೀಯ ಕಾಲೇಜುಗಳಿಗೆ ಹೆಸರಾದ ಜಿಲ್ಲೆ ಇದನ್ನು ರಾಜ್ಯದಲ್ಲಿ ಮೊದಲು ಶುರು ಮಾಡುವುದಕ್ಕೆ ಬೇರೆ ಅನುಕೂಲವೇನೂ ಬೇಕಾಗಿಲ್ಲ.